ನಿಮ್ಮ ಅಂಗಳ ನೀರು ಕುಡಿಯುತ್ತಿದೆಯೇ?

ಮೈಸೂರಿನ ಹೊಸ ಬಡಾವಣೆಯೊಂದರಲ್ಲಿ ನಾವು ಮನೆ ಕಟ್ಟಿಸಿದಾಗ, ಗೃಹಪ್ರವೇಶಕ್ಕೆ ಎರಡು ವಾರ ಇದೆ ಎನ್ನುವಾಗ ಒಂದು ಲಾರಿ ಕೆಂಪು ಮಣ್ಣು ಬಂತು. ಮೇಸ್ತ್ರಿಯ ಕಡೆಯವರು ಅದನ್ನು ಮುಂದಿನ ಅಂಗಳಕ್ಕೆ ಹರಡಿ ಸಮ ಮಾಡಿದರು. ನೋಡಲು ಬಲು ಚೆಂದವಿತ್ತು. ಎರಡು ದಾಸವಾಳ, ಒಂದು ನಂದಿಬಟ್ಟಲು, ಒಂದು ಕರಿಬೇವು, ಕಾಂಪೌಂಡಿನ ಮೂಲೆಗೆ ನಿಂಬೆ ನೆಟ್ಟೆವು. ಮಳೆಗಾಲ ಕಳೆಯುವವರೆಗೆ ಎಲ್ಲವೂ ನಳನಳಿಸಿದವು. ಯುಗಾದಿಯ ಹೊತ್ತಿಗೆ ದಾಸವಾಳದ ಚಿಗುರೆಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದವು. ಗೊಬ್ಬರ ಹಾಕಿದೆ, ನೀರು ಹೆಚ್ಚಿಸಿದೆ, ಔಷಧಿ ಸಿಂಪಡಿಸಿದೆ. ಫಲ ಸಿಗಲಿಲ್ಲ. ಕೊನೆಗೆ ಗಿಡ ಕಿತ್ತು ಬೇರೆಡೆ ನೆಡೋಣವೆಂದು ಗುದ್ದಲಿ ಹಾಕಿದರೆ ಒಂದು ಗೇಣು ಕೆಳಗೆ ಠಣ್ಣೆಂದು ಸದ್ದು ಬಂತು. ಮನೆ ಕಟ್ಟುವಾಗ ಗಾರೆ ಕಲಸಿದ ಜಾಗ ಅದು. ಮೂರು ಬೆರಳು ದಪ್ಪದ ಸಿಮೆಂಟ್ ಹೆಪ್ಪಿನ ಮೇಲೆ ದಾಸವಾಳದ ಬೇರುಗಳು ಚಾಪೆಯಂತೆ ಸುತ್ತಿಕೊಂಡು ಕುಳಿತಿದ್ದವು. ಕೆಳಗಿಳಿಯಲು ಅವಕ್ಕೆ ದಾರಿಯೇ ಇರಲಿಲ್ಲ.

ಅಂಗಳ ಎಂದರೆ ಗಿಡಗಳ ಸಾಲು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಗಿಡ ಕಡೆಯ ಮಾತು, ಮೊದಲ ಮಾತು ಮಣ್ಣು ಎಂಬುದು ಅಂದು ಗೊತ್ತಾಯಿತು. ಆ ಮಣ್ಣನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ಮೇಲೆ ಬಿದ್ದ ನೀರನ್ನು ಅದು ಕುಡಿಯುತ್ತದೆಯೇ? ಕುಡಿಯುವ ಮಣ್ಣಿದ್ದರೆ ಅಂಗಳದ ಮುಕ್ಕಾಲು ಪಾಲು ಸಮಸ್ಯೆಗಳು ತಾವಾಗಿಯೇ ತಗ್ಗುತ್ತವೆ. ಕುಡಿಯದ ಮಣ್ಣಿದ್ದರೆ ಎಂಥ ದುಬಾರಿ ಗಿಡ ತಂದರೂ, ಎಂಥ ತೋಟಗಾರನನ್ನು ಕರೆಸಿದರೂ ವರ್ಷ ತುಂಬುವುದರೊಳಗೆ ಮತ್ತೆ ಮೊದಲಿಗೇ ಬಂದು ನಿಲ್ಲುತ್ತೀರಿ.

ಕಟ್ಟಡ ಕೆಲಸ ನಡೆದ ಸೈಟಿನಲ್ಲಿ ಮಣ್ಣಿಗೆ ಏನಾಗುತ್ತದೆ ಎಂದು ಒಮ್ಮೆ ನೆನೆಯಿರಿ. ತಳಪಾಯ ತೋಡಿದಾಗ ಐದಾರು ಅಡಿ ಆಳದ ಸತ್ವವಿಲ್ಲದ ಮಣ್ಣು ಮೇಲೆ ಬರುತ್ತದೆ, ನೂರಾರು ವರ್ಷ ಎಲೆ ಕೊಳೆತು ಸಿದ್ಧವಾದ ಮೇಲ್ಮಣ್ಣು ಅಡಿಗೆ ಹೋಗುತ್ತದೆ. ಅದರ ಮೇಲೆ ಜಲ್ಲಿ, ಮರಳು, ಕಬ್ಬಿಣದ ಲಾರಿಗಳು ವರ್ಷಗಟ್ಟಲೆ ಓಡಾಡುತ್ತವೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲೇ ಗಾಳಿಯೂ ನೀರೂ ಇರಬೇಕು. ಲಾರಿಯ ಚಕ್ರ ಆ ಸಂದುಗಳನ್ನು ಮುಚ್ಚಿಬಿಡುತ್ತದೆ. ಗಾರೆಯ ನೀರು, ಸುಣ್ಣ, ಟೈಲ್ಸ್ ಚೂರು, ಪೇಂಟ್ ಡಬ್ಬಿ ತೊಳೆದ ನೀರು ಎಲ್ಲ ಅಲ್ಲಿಯೇ ಇಂಗುತ್ತವೆ. ಕೊನೆಗೆ ಇದರ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹೊದಿಸಿ ಮನೆಯೊಡೆಯನ ಕೈಗೆ ಕೀಲಿ ಕೊಡುತ್ತಾರೆ. ಬೆಂಗಳೂರು, ಮೈಸೂರು, ತುಮಕೂರಿನ ಹೊಸ ಬಡಾವಣೆಗಳ ಬಹುತೇಕ ಅಂಗಳಗಳ ಒಳಗಿನ ಸ್ಥಿತಿ ಇದೇ.

ಹಳದಿ ಎಲೆಯ ಗುಟ್ಟೂ ಇಲ್ಲಿದೆ. ಹಳೇ ಮೈಸೂರು ಸೀಮೆಯ ಕೆಂಪು ಮಣ್ಣು ಸಹಜವಾಗಿ ಸ್ವಲ್ಪ ಹುಳಿ, ಅಂದರೆ ತುಸು ಆಮ್ಲೀಯ. ಅದಕ್ಕೆ ಕೆಂಬಣ್ಣ ಬಂದದ್ದೇ ಕಬ್ಬಿಣದಿಂದ. ಹಾಗಿದ್ದೂ ಅದೇ ಮಣ್ಣಿನಲ್ಲಿ ನಿಂತ ದಾಸವಾಳ ಕಬ್ಬಿಣವಿಲ್ಲದೆ ಸೊರಗುತ್ತದೆ. ಕಾರಣ, ಸಿಮೆಂಟಿನ ಸುಣ್ಣ ಬೆರೆತಾಗ ಮಣ್ಣು ಕ್ಷಾರೀಯವಾಗುತ್ತದೆ. ಕ್ಷಾರೀಯ ಮಣ್ಣಿನಲ್ಲಿ ಕಬ್ಬಿಣ ಬೇರು ಹೀರಲಾಗದ ರೂಪಕ್ಕೆ ತಿರುಗುತ್ತದೆ. ಕಣಜ ತುಂಬಿದೆ, ಆದರೆ ಬಾಗಿಲಿಗೆ ಬೀಗ ಬಿದ್ದಿದೆ. ಕೊಳವೆಬಾವಿಯ ಗಡಸು ನೀರನ್ನೇ ದಿನವೂ ಹಾಕುತ್ತಿದ್ದರೂ ನಿಧಾನವಾಗಿ ಇದೇ ಆಗುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಅದು ಅದರ ಗುರುತು. ಕುಡಿಯುವ ನೀರಿನ ಶುದ್ಧೀಕರಣ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಇನ್ನೂ ಹೆಚ್ಚು. ಅದನ್ನು ನೆಲ ಒರೆಸಲು ಬಳಸಿ. ಗಿಡಗಳಿಗೆ ನಿತ್ಯ ಹಾಕಬೇಡಿ.

ಎಲೆ ಹಳದಿಯಾದಾಗ ಯಾವ ಎಲೆ ಎಂದು ನೋಡುವುದು ಮುಖ್ಯ. ಹೊಸ ಚಿಗುರು ಹಳದಿಯಾಗಿ ನರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ. ಬುಡದ ಹಳೆಯ ಎಲೆಗಳು ನರಸಮೇತ ಪೂರ್ತಿ ಹಳದಿಯಾಗಿ ಉದುರಿದರೆ ಸಾರಜನಕದ ಕೊರತೆ ಇರಬಹುದು, ಗೊಬ್ಬರ ಬೇಕು. ಎಲ್ಲ ಎಲೆಗಳೂ ಒಟ್ಟಿಗೆ ಸೋತು ಜೋತುಬಿದ್ದಿದ್ದು, ಬುಡದ ಮಣ್ಣು ಒದ್ದೆಯಾಗಿಯೇ ಇದ್ದರೆ ನೀರು ಹೆಚ್ಚಾಗಿ ಬೇರಿಗೆ ಉಸಿರು ಕಟ್ಟಿದೆ. ಈ ಮೂರನೆಯದರಲ್ಲಿ ಜನ ಗಿಡ ಬಾಡಿದೆ ಎಂದು ಇನ್ನೊಂದು ಕೊಡ ನೀರು ಸುರಿದು ಅದನ್ನು ಕೊಂದೇಬಿಡುತ್ತಾರೆ.

ಕರಿಬೇವಿನ ಬುಡಕ್ಕೆ ಹುಳಿ ಮಜ್ಜಿಗೆ ಹಾಕುವ ಪದ್ಧತಿ ನಮ್ಮ ಮನೆಗಳಲ್ಲಿ ಹಳೆಯದು. ಅದರಲ್ಲಿ ಹುರುಳಿದೆ. ಹುಳಿ ಎಂದರೆ ಆಮ್ಲ, ಮೇಲಾಗಿ ಅದರಲ್ಲಿ ಸ್ವಲ್ಪ ಸತ್ವವೂ ಇದೆ. ಉಪ್ಪು ಹಾಕದ ಮಜ್ಜಿಗೆಯನ್ನು ನೀರಾಗಿಸಿ ತಿಂಗಳಿಗೊಮ್ಮೆ ಹಾಕುವುದರಿಂದ ತೊಂದರೆಯಿಲ್ಲ. ಆದರೆ ಒಂದು ಚೊಂಬು ಮಜ್ಜಿಗೆ ಸಿಮೆಂಟಿನ ಹೆಪ್ಪನ್ನು ಕರಗಿಸಲಾರದು. ಅದಕ್ಕೆ ಗುದ್ದಲಿಯೇ ಬೇಕು.

ಮೂರು ಸುಲಭ ಪರೀಕ್ಷೆ

ಗಿಡ ಕೊಳ್ಳುವ ಮೊದಲು ಒಂದು ಭಾನುವಾರ ಇದಕ್ಕೆ ಕೊಡಿ. ಅಂಗಳದ ನಾಲ್ಕಾರು ಕಡೆ ಹಾರೆಯಿಂದ ಚುಚ್ಚಿ ನೋಡಿ. ಕೈಬಲದಲ್ಲೇ ಒಂದು ಅಡಿ ಇಳಿದರೆ ಸರಿ. ಗೇಣಿಗೇ ನಿಂತರೆ ಅಲ್ಲಿ ಅವಶೇಷವಿದೆ, ಇಲ್ಲವೇ ಮಣ್ಣು ಗಟ್ಟಿಯಾಗಿದೆ. ಎಲ್ಲಿ ಗಾರೆ ಕಲಸಿದ್ದರು, ಎಲ್ಲಿ ಇಟ್ಟಿಗೆ ಒಟ್ಟಿದ್ದರು ಎಂಬುದು ನಿಮಗೆ ನೆನಪಿದ್ದರೆ ಅಲ್ಲಿಂದಲೇ ಶುರು ಮಾಡಿ.

ಎರಡನೆಯದು ಬಾಟಲಿಯ ಪರೀಕ್ಷೆ. ಒಂದು ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ಅಂಗಳದ ಮಣ್ಣು ಹಾಕಿ, ಉಳಿದದ್ದಕ್ಕೆ ನೀರು ತುಂಬಿ, ಚಿಟಿಕೆ ಬಟ್ಟೆ ಸೋಪಿನ ಪುಡಿ ಸೇರಿಸಿ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ನವಿರಾದ ಗೋಡು ಮಣ್ಣು ಒಂದೆರಡು ಗಂಟೆಯಲ್ಲಿ ಅದರ ಮೇಲೆ ಕೂರುತ್ತದೆ. ಜೇಡಿ ಇಳಿದು ನೀರು ತಿಳಿಯಾಗಲು ಒಂದೆರಡು ದಿನವೇ ಬೇಕು. ಮೂರು ಪದರಗಳ ದಪ್ಪ ನೋಡಿದರೆ ನಿಮ್ಮದು ನೀರು ಸೋರಿಹೋಗುವ ಮರಳು ಮಣ್ಣೋ, ನೀರು ಹಿಡಿದಿಟ್ಟು ಗಟ್ಟಿಯಾಗುವ ಜೇಡಿಯೋ ಎಂದು ಕಣ್ಣಿಗೇ ಕಾಣುತ್ತದೆ. ಎರಡಕ್ಕೂ ಮದ್ದು ಒಂದೇ, ಕೊಳೆತ ಎಲೆ ಮತ್ತು ಗೊಬ್ಬರ. ಅದು ಮರಳಿನಲ್ಲಿ ಸ್ಪಂಜಿನಂತೆ ನೀರು ಹಿಡಿಯುತ್ತದೆ, ಜೇಡಿಯಲ್ಲಿ ಕಣಗಳನ್ನು ಉಂಡೆ ಕಟ್ಟಿಸಿ ನಡುವೆ ಸಂದು ಬಿಡಿಸುತ್ತದೆ. ಒಂದು ಎಚ್ಚರಿಕೆ: ಜೇಡಿ ಮಣ್ಣು ಸಡಿಲವಾಗಲಿ ಎಂದು ಸ್ವಲ್ಪ ಮರಳು ಬೆರೆಸುವವರಿದ್ದಾರೆ. ಜೇಡಿ ಮತ್ತು ಮರಳು ಸೇರಿ ಒಣಗಿದರೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ.

ಮೂರನೆಯದೇ ನಿಜವಾದ ಪರೀಕ್ಷೆ. ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೋಡಿ ನೀರು ತುಂಬಿ. ಅದು ಇಂಗಿದ ಮೇಲೆ ಮತ್ತೆ ತುಂಬಿ, ಒಂದು ಕಡ್ಡಿ ನೆಟ್ಟು ಗುರುತು ಮಾಡಿ, ಗಂಟೆಗೆ ಎಷ್ಟು ಇಳಿಯಿತು ಎಂದು ಅಳೆಯಿರಿ. ಗಂಟೆಗೆ ಒಂದೆರಡು ಇಂಚು ಇಳಿದರೆ ಬಹುತೇಕ ಯಾವ ಗಿಡವಾದರೂ ಬದುಕುತ್ತದೆ. ಅರ್ಧ ಇಂಚೂ ಇಳಿಯದಿದ್ದರೆ ಆ ಜಾಗದಲ್ಲಿ ಗಿಡ ನೆಡುವುದೆಂದರೆ ತೊಟ್ಟಿಯಲ್ಲಿ ನೆಟ್ಟಂತೆ. ನಮ್ಮ ಅಂಗಳದ ಗುಂಡಿಯಲ್ಲಿ ಸಂಜೆ ತುಂಬಿದ ನೀರು ಮರುದಿನ ಬೆಳಿಗ್ಗೆಯೂ ನಿಂತಿತ್ತು.

ಇಷ್ಟರ ಮೇಲೆ ಖಚಿತವಾಗಿ ತಿಳಿಯಬೇಕೆಂದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ. ಹೊಲದ ಮಣ್ಣಿಗೆ ಮಾತ್ರವೆಂದು ತಿಳಿದು ಮನೆಯವರು ಆ ಕಡೆ ಸುಳಿಯುವುದೇ ಇಲ್ಲ.

ಆಕಾಶದಿಂದ ಬೀಳುವ ಟ್ಯಾಂಕರ್

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಒಂದು ಲೆಕ್ಕ ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಬಾಯಿಲೆಕ್ಕ. ಬೆಂಗಳೂರಿನ 30x40 ಅಡಿಯ ಸೈಟು ಸುಮಾರು 111 ಚದರ ಮೀಟರ್. ಅಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರಿನಷ್ಟು ಮಳೆ. ಎಂದರೆ ಆ ಪುಟ್ಟ ಸೈಟಿನ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಮಿಕ್ಕಿ ನೀರು ಸುರಿಯುತ್ತದೆ. ಸೆಪ್ಟೆಂಬರಿನ ಒಂದು ಸಂಜೆ 40 ಮಿಲಿಮೀಟರ್ ಬಿದ್ದರೆ ಸುಮಾರು 4,400 ಲೀಟರ್. ಒಂದು ಸಣ್ಣ ಟ್ಯಾಂಕರ್ ಬಂದು ನಿಮ್ಮ ಮನೆಯ ಮೇಲೆ ಮಗುಚಿದಂತೆ. 2022ರಲ್ಲಿ ಬೆಂಗಳೂರಿನಲ್ಲಿ 1,700 ಮಿಲಿಮೀಟರಿಗೂ ಹೆಚ್ಚು ಮಳೆಯಾಗಿ ಹಳೆಯ ದಾಖಲೆಗಳು ಮುರಿದವು, ಆ ಸೆಪ್ಟೆಂಬರಿನಲ್ಲಿ ರಸ್ತೆಗಳಲ್ಲಿ ದೋಣಿ ಓಡಿದವು. ಎರಡೇ ವರ್ಷದಲ್ಲಿ, 2024ರ ಮಾರ್ಚಿನಲ್ಲಿ, ಅದೇ ಊರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿ ತಪ್ಪಿದರೆ 5,000 ರೂಪಾಯಿ ದಂಡವೆಂದಿತು. ಎರಡೂ ಒಂದೇ ಸಂಕಟದ ಎರಡು ಮುಖ. ಬಿದ್ದಾಗ ನೆಲ ಕುಡಿಯಲಿಲ್ಲ, ಬೇಕಾದಾಗ ನೆಲದಲ್ಲಿ ಇರಲಿಲ್ಲ.

ಊರಿನ ಮಟ್ಟದ ದೋಷಗಳಿಗೆ ಊರು ಉತ್ತರ ಕೊಡಬೇಕು. ನಮ್ಮ ಕಾಂಪೌಂಡಿನ ಒಳಗಿನ ದೋಷ ಇಂಟರ್‌ಲಾಕ್ ಟೈಲ್ಸ್. ಗೇಟಿನಿಂದ ಹಿತ್ತಲವರೆಗೆ ಒಂದಿಂಚೂ ಬಿಡದೆ ಟೈಲ್ಸ್ ಹಾಸಿ ಕುಂಡ ಸಾಲಾಗಿ ಇಡುವುದು ಇಂದು ಚೊಕ್ಕಟವಾದ ಮನೆಯ ಗುರುತಾಗಿದೆ. ಇದು ನನಗೆ ನಿಜಕ್ಕೂ ನೋವಿನ ಸಂಗತಿ. ಕೆಸರಾಗುತ್ತದೆ, ಗುಡಿಸಲು ಕಷ್ಟ, ವಯಸ್ಸಾದವರು ಜಾರುತ್ತಾರೆ ಎಂಬ ಕಾರಣಗಳು ಸುಳ್ಳಲ್ಲ. ಆದರೆ ಕಾರು ನಿಲ್ಲಿಸಲು ಎರಡು ಚಕ್ರದ ಪಟ್ಟಿ ಸಾಕು, ನಡೆಯಲು ಮೂರಡಿಯ ದಾರಿ ಸಾಕು. ಉಳಿದಲ್ಲಿ ಕಲ್ಲುಚಪ್ಪಡಿಗಳ ನಡುವೆ ಒಂದಂಗುಲ ಬಿಟ್ಟು ಗರಿಕೆ ಬೆಳೆಸಬಹುದು. ಟೈಲ್ಸ್ ಬಿಸಿಲನ್ನು ಹೀರಿ ರಾತ್ರಿಯಿಡೀ ಕಾವು ಬಿಡುತ್ತದೆ. ಏಪ್ರಿಲ್ ಸಂಜೆ ಬರಿಗಾಲಲ್ಲಿ ಮೊದಲು ಟೈಲ್ಸ್ ಮೇಲೆ, ಆಮೇಲೆ ಗಿಡದ ಬುಡದ ಮಣ್ಣಿನ ಮೇಲೆ ನಿಂತು ನೋಡಿ.

ಚಾವಣಿಯ ನೀರನ್ನು ಇಂಗಿಸುವುದು ಬೆಂಗಳೂರಿನಲ್ಲಿ ಕಾನೂನಿನ ಮಾತೂ ಹೌದು. ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯ ಪ್ರಕಾರ 2,400 ಚದರ ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನದ ಹಳೆಯ ಮನೆಗಳಿಗೂ, 1,200 ಚದರ ಅಡಿ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಉದ್ಯಾನವೇ ಇದೆ, ಬಗೆಬಗೆಯ ವಿಧಾನಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಸಾಮಾನ್ಯವಾಗಿ ಮೂರಡಿ ಅಗಲದ, ಇಪ್ಪತ್ತು ಅಡಿಯಷ್ಟು ಆಳದ ಇಂಗುಬಾವಿ ತೋಡಿ ಸಿಮೆಂಟ್ ಬಳೆ ಇಳಿಸುತ್ತಾರೆ. ತಲೆತಲಾಂತರದಿಂದ ಬಾವಿ ತೋಡುತ್ತ ಬಂದ ಮಣ್ಣುವಡ್ಡರು ಈಗ ಈ ಕೆಲಸದಲ್ಲಿ ನಿಪುಣರು. ಎಲ್ಲಿ ನೆಲ ನೀರು ಹಿಡಿಯುತ್ತದೆ ಎಂಬ ಅವರ ಅಂದಾಜಿಗೆ ನಾನು ತುಂಬ ಬೆಲೆ ಕೊಡುತ್ತೇನೆ. ಇಂಗುಬಾವಿಗೆ ಬಿಡುವ ನೀರು ಮೊದಲು ಜಲ್ಲಿ, ಮರಳಿನ ಸೋಸು ತೊಟ್ಟಿ ದಾಟಿ ಬರಲಿ. ಬಚ್ಚಲ ನೀರನ್ನಂತೂ ಅದಕ್ಕೆ ಬಿಡಲೇಬೇಡಿ.

ಅಷ್ಟು ಖರ್ಚು ಬೇಡವೆಂದರೆ ತಗ್ಗುಪಾತಿ ಮಾಡಿ. ಚಾವಣಿಯ ಕೊಳವೆ ಇಳಿಯುವ ಕಡೆಯಿಂದ ಸಣ್ಣ ಕಾಲುವೆ ತೆಗೆದು, ಮನೆಯ ಗೋಡೆಯಿಂದ ಹತ್ತು ಅಡಿಯಾದರೂ ದೂರದಲ್ಲಿ ಅಂಗಳವನ್ನು ಅರ್ಧ ಅಡಿ ತಗ್ಗಿಸಿ, ಮಣ್ಣಿಗೆ ಗೊಬ್ಬರ ಬೆರೆಸಿ, ನೀರು ನಿಂತರೂ ಬತ್ತಿದರೂ ತಡೆಯುವ ಕೆಸು, ಕಾಬಾಳೆ, ಮಜ್ಜಿಗೆ ಹುಲ್ಲು ನೆಡಿ. ಮಳೆ ನಿಂತ ಒಂದು ದಿನದೊಳಗೆ ನೀರು ಇಂಗಬೇಕು. ಎರಡು ಮೂರು ದಿನ ನಿಂತರೆ ತಗ್ಗನ್ನು ಇನ್ನಷ್ಟು ಸಡಿಲಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಿಚ್ಚಲು ಒಂದು ವಾರ ಹತ್ತು ದಿನ ಸಾಕು. ನಿಜ ಹೇಳಬೇಕೆಂದರೆ ತಗ್ಗುಪಾತಿಗಿಂತ ಕುಂಡದಡಿಯ ತಟ್ಟೆಗಳೇ ಡೆಂಗಿಗೆ ಹೆಚ್ಚು ದಾರಿ; ವಾರಕ್ಕೊಮ್ಮೆ ಅವನ್ನು ಬೋರಲು ಹಾಕಿ.

ಇಲ್ಲಿಯವರೆಗೆ ಹೇಳಿದ್ದು ಕೆಂಪು ಮಣ್ಣಿನ ಸೀಮೆಗೆ. ಧಾರವಾಡ, ವಿಜಯಪುರ, ಕಲಬುರಗಿಯ ಎರೆಮಣ್ಣಿನಲ್ಲಿ ಲೆಕ್ಕ ಬೇರೆ. ಅದು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರಿಯುತ್ತದೆ. ತಳಪಾಯದ ಬದಿಯಲ್ಲಿ ಇಂಗುಗುಂಡಿ ಮಾಡಿದರೆ ಗೋಡೆಯೇ ಸೀಳಬಹುದು. ಗೋಡೆಯ ಸುತ್ತ ನಾಲ್ಕಡಿ ಹೊರಕ್ಕೆ ಇಳಿಜಾರು ಕೊಟ್ಟು ನೀರನ್ನು ದೂರ ಸಾಗಿಸಿ, ದೊಡ್ಡ ಮರಗಳನ್ನೂ ದೂರವೇ ಇಡಿ. ಅಲ್ಲಿ ಸಂಗ್ರಹಕ್ಕೆ ತೊಟ್ಟಿಯೇ ಮೇಲು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಮಳೆಗೆ ಬರವಿಲ್ಲ. ಅಲ್ಲಿನ ಚಿಂತೆ ಮಳೆಯೊಂದಿಗೆ ಮಣ್ಣಿನ ಸತ್ವವೂ ತೊಳೆದುಹೋಗುವುದು. ಆದ್ದರಿಂದ ಬರಿನೆಲವನ್ನು ಬಿಡದೆ ಮುಚ್ಚುವುದೇ ಅಲ್ಲಿನ ಮುಖ್ಯ ಕೆಲಸ.

ತರಗೆಲೆಯ ಹೊದಿಕೆ

ಮಲೆನಾಡಿನ ಅಡಿಕೆ ತೋಟಕ್ಕೆ ಹೋದವರು ಬುಡದಲ್ಲಿ ಸೊಪ್ಪು, ದರಕು (ಒಣ ಎಲೆ) ಹಾಸಿದ್ದನ್ನು ನೋಡಿರುತ್ತೀರಿ. ಅದಕ್ಕೆಂದೇ ಸೊಪ್ಪಿನ ಬೆಟ್ಟಗಳ ವ್ಯವಸ್ಥೆ ಬೆಳೆದು ಬಂತು. ತೋಟಕ್ಕೆ ಎಲೆ ಒದಗಿಸಲು ಬೆಟ್ಟವನ್ನೇ ಮೀಸಲಿಟ್ಟ ಜನ ನಮ್ಮವರು. ಪೇಟೆಯ ನಾವು ಮಾತ್ರ ಬೆಳಗಾದರೆ ಅಂಗಳ ಗುಡಿಸಿ, ಉದುರಿದ ಎಲೆಯನ್ನು ಚೀಲಕ್ಕೆ ತುಂಬಿ ಕಸದ ಗಾಡಿಗೆ ಕೊಡುತ್ತೇವೆ. ಇಲ್ಲವೇ ರಸ್ತೆಯಂಚಿಗೆ ತಂದು ಬೆಂಕಿ ಇಡುತ್ತೇವೆ. ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹೀಗೆ ಸುಡುವುದು ನಿಷಿದ್ಧ. ಎಲೆ ಸುಟ್ಟ ವಾರಕ್ಕೇ ನರ್ಸರಿಗೆ ಹೋಗಿ ಗೊಬ್ಬರದ ಚೀಲ ಕೊಂಡು ತರುತ್ತೇವೆ.

ಬರಿನೆಲದ ಮೇಲೆ ಮಳೆಹನಿ ಬೀಳುವುದನ್ನು ಹತ್ತಿರದಿಂದ ನೋಡಿ. ಹನಿ ಅಪ್ಪಳಿಸಿದಾಗ ಮಣ್ಣಿನ ನವಿರು ಕಣಗಳು ಸಿಡಿದು ಸುತ್ತಲಿನ ಸಂದುಗಳಿಗೆ ಕೂರುತ್ತವೆ. ಗೋಡೆಯ ಬುಡಕ್ಕೆ ಮೊಣಕಾಲೆತ್ತರದ ಕೆಂಪು ಕಲೆ ಆಗುವುದು ಹೀಗೆ ಸಿಡಿದ ಮಣ್ಣಿನಿಂದಲೇ. ಮಳೆ ನಿಂತು ಬಿಸಿಲು ಬಿದ್ದಾಗ ಆ ಕಣಗಳು ಒಣಗಿ ಹಪ್ಪಳದಂಥ ಪೊರೆಯಾಗುತ್ತದೆ, ಉಗುರಿನಿಂದ ಕೆರೆದರೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಮುಂದಿನ ಮಳೆಯ ನೀರು ಅದರ ಮೇಲೆ ಜಾರಿ ಚರಂಡಿ ಸೇರುತ್ತದೆ. ಎರಡು ಮೂರು ಇಂಚು ತರಗೆಲೆ ಹಾಸಿದ್ದರೆ ಹನಿಯ ಪೆಟ್ಟು ಎಲೆಗೆ ಬೀಳುತ್ತದೆ, ನೀರು ಮೆಲ್ಲನೆ ತೊಟ್ಟಿಕ್ಕಿ ಒಳಗಿಳಿಯುತ್ತದೆ. ಬೇಸಿಗೆಯಲ್ಲಿ ಅದೇ ಹೊದಿಕೆ ತೇವ ಆರದಂತೆ ಕಾಯುತ್ತದೆ, ಕಳೆಗೆ ಬೆಳಕು ಸಿಗದಂತೆ ಮಾಡುತ್ತದೆ. ಅಡಿಯಿಂದ ಕೊಳೆತು ಎರೆಹುಳುವಿಗೆ ಊಟವಾಗುತ್ತದೆ. ಎರೆಹುಳು ಕೊರೆದ ಬಿಲಗಳೇ ಮತ್ತೆ ನೀರಿನ ದಾರಿ. ನಮ್ಮ ಗಟ್ಟಿ ಅಂಗಳವನ್ನು ಸಡಿಲಿಸಿದ್ದು ಇದೇ. ಮೊದಲು ಪಿಕಾಸಿಯಿಂದ ಹೆಪ್ಪು ಒಡೆದು ತೆಗೆದೆವು, ಕೊಟ್ಟಿಗೆ ಗೊಬ್ಬರ ಬೆರೆಸಿದೆವು, ಆಮೇಲೆ ಎದುರು ರಸ್ತೆಯ ಹೊಂಗೆ ಮರದ ಎಲೆಯನ್ನೆಲ್ಲ ತಂದು ಹಾಸಿದೆವು. ಎರಡನೇ ಮಳೆಗಾಲದಲ್ಲಿ ಅದೇ ಜಾಗದಲ್ಲಿ ಗುಂಡಿ ತೋಡಿ ನೀರು ತುಂಬಿದರೆ ಗಂಟೆಗೆ ಎರಡಿಂಚು ಇಳಿಯಿತು.

ಎಲೆ ಬಿಟ್ಟರೆ ಹಾವು ಬರುತ್ತದೆ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಅವರ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಹಾವು ಬರುವುದು ಇಲಿ ಹೆಗ್ಗಣ ಹುಡುಕಿಕೊಂಡು, ಅಡಗುವುದು ಕಲ್ಲು, ಇಟ್ಟಿಗೆ, ಕಟ್ಟಿಗೆಯ ರಾಶಿಯ ಸಂದಿನಲ್ಲಿ. ಮೂರಿಂಚಿನ ಎಲೆಹಾಸು ಅಂಥ ಅಡಗುತಾಣವಲ್ಲ. ಮೊಣಕಾಲೆತ್ತರದ ಎಲೆರಾಶಿ ಹೌದು. ಮಕ್ಕಳು ಆಡುವ ಜಾಗ, ಬಾಗಿಲ ಮುಂದೆ, ರಂಗೋಲಿ ಹಾಕುವ ಕಡೆ ಗುಡಿಸಿ ಚೊಕ್ಕಟವಾಗಿಡಿ, ಎಲೆಯನ್ನು ಪಾತಿಗೆ ಮಾತ್ರ ಹಾಸಿ. ಕಾಂಡಕ್ಕೆ ಒತ್ತಿ ಹಾಸದೆ ಒಂದು ಗೇಣು ಬಿಡಿ, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ, ಗೆದ್ದಲು ಏರುತ್ತದೆ.

ಉಳಿದ ಎಲೆ ಗೊಬ್ಬರದ ಗೂಡಿಗೆ. ಒಂದು ಬುಟ್ಟಿ ಅಡುಗೆಮನೆಯ ಸಿಪ್ಪೆಗೆ ಎರಡು ಬುಟ್ಟಿ ಒಣ ಎಲೆ ಎಂಬ ಲೆಕ್ಕ ಸಾಕು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು. ಕೊಳೆಸುವ ಜೀವಾಣುಗಳಿಗೆ ಇಂಗಾಲ ಇಪ್ಪತ್ತೈದು ಮೂವತ್ತು ಪಾಲಿದ್ದರೆ ಸಾರಜನಕ ಒಂದು ಪಾಲು ಬೇಕು. ದುರ್ವಾಸನೆ ಬಂದರೆ ಒಣ ಎಲೆ ಸೇರಿಸಿ ತಿರುವಿಹಾಕಿ. ಕೊಳೆಯದೆ ಹಾಗೇ ಬಿದ್ದಿದ್ದರೆ ಸ್ವಲ್ಪ ನೀರು ಚಿಮುಕಿಸಿ, ಸಗಣಿ ನೀರಾದರೆ ಇನ್ನೂ ಒಳ್ಳೆಯದು. ಮೂರು ತಿಂಗಳಲ್ಲಿ ಕಾಡಿನ ವಾಸನೆಯ ಕಪ್ಪು ಪುಡಿ ಕೈಗೆ ಬರುತ್ತದೆ.

ಹುಲ್ಲುಹಾಸು ಬೇಕೇ?

ಈ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ, ನನ್ನ ಉತ್ತರ ಬಹುಪಾಲು ಬೇಡವೆಂದೇ. ಚದರಡಿ ಲೆಕ್ಕದಲ್ಲಿ ಚಾಪೆಯಂತೆ ಸುತ್ತಿ ತರುವ ಮೆಕ್ಸಿಕನ್ ಹುಲ್ಲಿಗೆ ಹೆಸರು ಮಾತ್ರ ಮೆಕ್ಸಿಕೋದ್ದು. ಅದು ಝೋಯ್ಸಿಯಾ ಕುಲದ್ದು, ಮೂಲ ಪೂರ್ವ ಮತ್ತು ಆಗ್ನೇಯ ಏಷ್ಯಾ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಎರಡು ಮಹಡಿಯ ಮನೆಗಳ ನಡುವೆ ಸಿಕ್ಕ ಅಂಗಳದಲ್ಲಿ ಅಷ್ಟು ಬಿಸಿಲು ಎಲ್ಲಿಂದ ಬರಬೇಕು? ವರ್ಷದೊಳಗೆ ತೇಪೆತೇಪೆಯಾಗಿ ಸಾಯುತ್ತದೆ. ನೀರಿನ ಲೆಕ್ಕ ನೋಡಿ: ಮಾರ್ಚ್ ಏಪ್ರಿಲಿನಲ್ಲಿ ನಮ್ಮ ಕಡೆ ಹುಲ್ಲು ದಿನಕ್ಕೆ ನಾಲ್ಕೈದು ಮಿಲಿಮೀಟರ್ ನೀರು ಕೇಳುತ್ತದೆ. 500 ಚದರಡಿ ಎಂದರೆ ಸುಮಾರು 46 ಚದರ ಮೀಟರ್, ದಿನಕ್ಕೆ 200 ಲೀಟರ್ ಹತ್ತಿರ. ನಗರದ ಒಬ್ಬ ವ್ಯಕ್ತಿಯ ದಿನದ ಎಲ್ಲ ಬಳಕೆಗೆ ಸರ್ಕಾರದ ಮಾನದಂಡ 135 ಲೀಟರ್. ಕೊಳವೆಬಾವಿ ಬತ್ತಿದ ಬೀದಿಯಲ್ಲಿ ಒಂದೂವರೆ ಮನುಷ್ಯನ ನೀರನ್ನು ಹುಲ್ಲಿಗೆ ಹಾಕುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಮೊಮ್ಮಕ್ಕಳು ಆಡಲು ಒಂದಿಷ್ಟು ಹಸಿರು ಬೇಕೇಬೇಕೆಂದರೆ ಗರಿಕೆ ಬೆಳೆಸಿ. ಗಣೇಶನಿಗೆ ಏರಿಸುವ ಅದೇ ಗರಿಕೆ. ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಕಂದು ಬಣ್ಣಕ್ಕೆ ತಿರುಗಿ ಸುಮ್ಮನೆ ಮಲಗುತ್ತದೆ, ಮೊದಲ ಮಳೆಗೆ ಏಳುತ್ತದೆ. ಕತ್ತರಿಸುವಾಗ ತೀರ ನುಣ್ಣಗೆ ಬೋಳಿಸದೆ ಒಮ್ಮೆಗೆ ಮೂರನೇ ಒಂದು ಭಾಗ ಮಾತ್ರ ಕತ್ತರಿಸಿ. ಎಲೆ ಎಷ್ಟು ಕಡಿಮೆಯೋ ಬೇರೂ ಅಷ್ಟೇ ಮೇಲೆ ಉಳಿಯುತ್ತದೆ.

ಗಿಡಗಳಿಗೆ ನೀರು ಹಾಕುವುದರಲ್ಲೂ ಇದೇ ನ್ಯಾಯ. ದಿನಾ ಸಂಜೆ ಪೈಪು ಹಿಡಿದು ಎಲೆ ತೋಯಿಸಿ, ಮೇಲಿನ ಒಂದಿಂಚು ಮಣ್ಣು ಒದ್ದೆ ಮಾಡಿ ಬಂದರೆ ಬೇರುಗಳು ನೀರಿರುವ ಆ ಒಂದಿಂಚಿನಲ್ಲೇ ಸುಳಿದಾಡುತ್ತವೆ. ಎರಡು ದಿನ ಊರಿಗೆ ಹೋದರೆ ಗಿಡ ಬಾಡುತ್ತದೆ. ನೆಲದಲ್ಲಿ ಬೇರೂರಿದ ಗಿಡಕ್ಕೆ ವಾರಕ್ಕೆ ಒಂದೆರಡು ಸಲ ಆಳಕ್ಕೆ ಇಳಿಯುವಷ್ಟು ಹಾಕಿ. ಹಾಕುವ ಮೊದಲು ತೋರುಬೆರಳನ್ನು ಎರಡು ಗಣ್ಣು ಮಣ್ಣಿಗಿಳಿಸಿ ನೋಡಿ, ತಂಪಾಗಿದ್ದರೆ ಬೇಡ. ದೊಡ್ಡ ಗಿಡಗಳಿಗೆ ಕಾಂಡದ ಬುಡದಲ್ಲಿ ಹಾಕಿ ಫಲವಿಲ್ಲ. ನೀರು ಹೀರುವ ಎಳೆಬೇರುಗಳು ಕೊಂಬೆಯ ತುದಿ ನೆರಳು ಬೀಳುವ ಸುತ್ತಿನಲ್ಲಿರುತ್ತವೆ, ಪಾತಿ ಅಲ್ಲಿಯವರೆಗೆ ಇರಲಿ. ನಮ್ಮ ಅಜ್ಜಿಯ ಮನೆಯ ಹಿತ್ತಲಲ್ಲಿ ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು, ಆಮೇಲೆ ತೆಂಗು ಇರುತ್ತಿತ್ತು. ಯಾರೂ ಅವಕ್ಕೆಂದು ಬೇರೆ ನೀರು ಹೊತ್ತದ್ದು ನೋಡಿಲ್ಲ. ಸೀಗೆಪುಡಿ, ಕಡಲೆಹಿಟ್ಟಿನ ಆ ನೀರಿಗೂ ಇಂದಿನ ಡಿಟರ್ಜೆಂಟ್ ನೀರಿಗೂ ವ್ಯತ್ಯಾಸವಿದೆ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಧಾರಾಳವಾಗಿ ಬಾಳೆಗೆ ಹೋಗಲಿ.

ಮರ, ಕಳೆ, ಕೀಟ

ಮರ ಆರಿಸುವಾಗ ಸಸಿಯನ್ನು ನೋಡಬೇಡಿ, ಇಪ್ಪತ್ತು ವರ್ಷದ ಮರವನ್ನು ಎಲ್ಲಾದರೂ ಹೋಗಿ ನೋಡಿ ಬನ್ನಿ. ಬೆಂಗಳೂರಿನವರಿಗೆ ಲಾಲ್‌ಬಾಗ್ ಇದಕ್ಕೆ ಹೇಳಿ ಮಾಡಿಸಿದ ಜಾಗ. ಸಣ್ಣ ಅಂಗಳಕ್ಕೆ ನುಗ್ಗೆ, ಸೀಬೆ, ನಿಂಬೆ, ಪಾರಿಜಾತ, ಕರಿಬೇವು ಸಾಕು. ಸಂಪಿಗೆ, ಹೊಂಗೆಗೆ ಜಾಗ ಬೇಕು. ಆಲ, ಅರಳಿ, ರಬ್ಬರ್ ಗಿಡ ಮನೆಯ ಹತ್ತಿರ ಸಲ್ಲದು. ಚಾವಣಿಯ ಸಂದಿನಲ್ಲಿ ಹಕ್ಕಿ ಬಿತ್ತಿದ ಅರಳಿ ಸಸಿ ಎರಡೆಲೆ ಇರುವಾಗಲೇ ಬೇರುಸಮೇತ ತೆಗೆಯಿರಿ. ಕಣಗಿಲೆ ಸುಂದರ, ಗಟ್ಟಿ ಗಿಡ. ಆದರೆ ಎಲ್ಲ ಭಾಗವೂ ವಿಷ, ಪುಟ್ಟ ಮಕ್ಕಳಿರುವ ಮನೆಯಲ್ಲಿ ನಾನು ನೆಡುವುದಿಲ್ಲ. ಬೆಳೆದ ಮರದ ಬುಡಕ್ಕೆ ಕಾಂಕ್ರೀಟ್ ಒತ್ತಿ ಹಾಕಿಸಬೇಡಿ, ಬೇರಿಗೂ ಉಸಿರಾಟವಿದೆ. ಇನ್ನೊಂದು ಮಾತು ಅನೇಕರಿಗೆ ಗೊತ್ತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಿಮ್ಮ ಸ್ವಂತ ಅಂಗಳದ ಮರ ಕಡಿಯಲೂ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ತೆಂಗಿನ ಗರಿಯ ಮೇಲೆ ಕಪ್ಪು ಮಸಿ ಹಿಡಿದು, ಕೆಳಗೆ ನಿಲ್ಲಿಸಿದ ಕಾರು ಅಂಟಂಟಾದರೆ ಅದು ಸುರುಳಿಯಾಕಾರದ ಬಿಳಿನೊಣದ ಕೆಲಸ. ಹೊರದೇಶದಿಂದ ಬಂದ ಈ ಕೀಟ 2016ರಲ್ಲಿ ಭಾರತದಲ್ಲಿ ಮೊದಲು ಕಂಡಿತು. ಅಂಟು ಅದರ ವಿಸರ್ಜನೆ, ಮಸಿ ಆ ಅಂಟಿನ ಮೇಲೆ ಬೆಳೆದ ಬೂಷ್ಟು. ಕೀಟನಾಶಕ ಹೊಡೆದರೆ ಇದನ್ನು ತಿನ್ನುವ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜ ಮೊದಲು ಸಾಯುತ್ತದೆ. ಕೈಗೆಟಕುವ ಗರಿಗೆ ಜೋರಾಗಿ ನೀರು ಹೊಡೆದು ತೊಳೆಯಿರಿ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ಎರಡು ಹನಿ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ದಾಸವಾಳದ ಬಿಳಿ ಹಿಟ್ಟುತಿಗಣೆಗೂ ಇದೇ ಸಾಕು.

ಖಾಲಿ ಸೈಟಿನಿಂದ ಕಾಂಗ್ರೆಸ್ ಗಿಡ ನುಗ್ಗಿದರೆ ಹೂಬಿಡುವ ಮೊದಲೇ ಕೈಗವಸು ತೊಟ್ಟು ಬೇರುಸಮೇತ ಕೀಳಿ. ಅದರ ಎಲೆ ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಮೊದಲು ಬಿಟ್ಟದ್ದು. ಎಲೆಯ ಮೇಲೆ ಕಂದು ಗೆರೆಗಳ ತಿಳಿಬಣ್ಣದ ದುಂಬಿ ಕಂಡರೆ ಕೊಲ್ಲಬೇಡಿ, ಅದು ನಿಮ್ಮ ಕಡೆಯದು.

ನೆಡಲು ಕಾಲ ಯಾವುದೆಂದರೆ ಮೃಗಶಿರ, ಆರಿದ್ರ ಮಳೆಯ ಹೊತ್ತು, ಅಂದರೆ ಜೂನ್ ಎರಡನೇ ವಾರದಿಂದ ಜುಲೈ ಮೊದಲ ವಾರ. ಗುಂಡಿಯನ್ನು ಮೇ ತಿಂಗಳಲ್ಲೇ ಎರಡಡಿ ಆಳ, ಎರಡಡಿ ಅಗಲ ತೋಡಿ ಬಿಸಿಲಿಗೆ ಬಿಡಿ. ಅವಶೇಷವೆಲ್ಲ ಆರಿಸಿ ಹೊರಹಾಕಿ, ಮೂರನೇ ಒಂದು ಭಾಗ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಆರಿದ್ರ ಮಳೆ ಆರದೆ ಹೊಯ್ಯುವಾಗ ಒಂದು ಸಂಜೆ ಕೊಡೆ ಹಿಡಿದು ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿ. ನೀರು ಎಲ್ಲಿಂದ ಹೊರಟು ಎಲ್ಲಿ ತಿರುಗಿ ಎಲ್ಲಿ ಗೇಟು ದಾಟುತ್ತದೆ ಎಂದು ನೋಡಿ, ಗೇಟಿನ ಹತ್ತಿರ ಒಂದು ಕಲ್ಲಿಟ್ಟು ಗುರುತು ಮಾಡಿಕೊಳ್ಳಿ. ಮಾರನೆಯ ದಿನ ಗುದ್ದಲಿ ಹಾಕಬೇಕಾದದ್ದು ಆ ಕಲ್ಲಿಗಿಂತ ನಾಲ್ಕು ಹೆಜ್ಜೆ ಹಿಂದೆ.